ಕತೆ ಕಟ್ಟಿದವರು ಉತ್ತರವನ್ನೂ ಕೊಡಲಿ



ಧಾರಾವಾಹಿ ನೋಡುವ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಚರ್ಚೆ ಶುರುವಾಗುತ್ತದೆ. ಆ ಹುಡುಗಿ ಯಾಕೆ ಹಾಗೆ ನಡೆದುಕೊಂಡಳು? ಮೊದಲು ಆ ಪಾತ್ರ ಮಾಡುತ್ತಿದ್ದವರು ಎಲ್ಲಿ ಹೋದರು? ಊರು ಮಲೆನಾಡು ಅನ್ನುತ್ತಾರೆ, ಮನೆಯ ಸುತ್ತ ಒಂದು ಅಡಿಕೆ ಮರವೂ ಇಲ್ಲವಲ್ಲ? ಒಳ್ಳೆಯ ಪ್ರಶ್ನೆಗಳೇ. ಆದರೆ ಊಟದ ತಟ್ಟೆ ಎತ್ತುವಷ್ಟರಲ್ಲಿ ಅವು ಮುಗಿದಿರುತ್ತವೆ, ಬರೆದವರ ತನಕ ಹೋಗುವುದೇ ಇಲ್ಲ. ಶಿಕಾರಿಪುರದಲ್ಲೋ ಸೊರಬದಲ್ಲೋ ಕೂತು ಕೇಳಿದ ಪ್ರಶ್ನೆ ಬೆಂಗಳೂರಿನ ಕತೆಗಾರರಿಗೆ ತಲುಪುವುದು ಹೇಗೆ ಸಾಧ್ಯ ಎಂದು ನಾವೇ ಸುಮ್ಮನಾಗಿಬಿಟ್ಟಿದ್ದೇವೆ. ಹಾಗೆ ಸುಮ್ಮನಾಗಬೇಕಾಗಿಲ್ಲ. ಪ್ರಶ್ನೆಗೆ ಉತ್ತರ ಹೇಳುವುದು ಕತೆ ಕಟ್ಟುವ ಕೆಲಸದ್ದೇ ಒಂದು ಭಾಗ ಎಂದು ನಂಬಿ ನಡೆದ ಒಬ್ಬ ಲೇಖಕರ ವಿಷಯವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅವರು ದೂರದ ಅಮೆರಿಕದವರು. ಮಾತು ಮಾತ್ರ ನಮ್ಮ ಬಳ್ಳಿಗಾವಿಗೂ ಕ್ಯಾಸನೂರಿಗೂ ಬಂದೇ ಬರುತ್ತದೆ.

ಅವರ ಹೆಸರು ಜೆ. ಮೈಕೆಲ್ ಸ್ಟ್ರಾಝಿನ್‌ಸ್ಕಿ. ‘ಬ್ಯಾಬಿಲಾನ್ 5’ ಎಂಬ ವೈಜ್ಞಾನಿಕ ಕಥಾ ಧಾರಾವಾಹಿಯ ಕರ್ತೃ. ಇಪ್ಪತ್ತಮೂರನೆಯ ಶತಮಾನದಲ್ಲಿ ಅಂತರಿಕ್ಷದಲ್ಲಿ ತೇಲುವ ಒಂದು ನಿಲ್ದಾಣ; ಮನುಷ್ಯರೂ ಬೇರೆ ಬೇರೆ ಲೋಕಗಳ ಜೀವಿಗಳೂ ಅಲ್ಲಿ ತಮ್ಮ ರಾಯಭಾರಿಗಳನ್ನು ಇಟ್ಟು, ಯುದ್ಧವಾಗದ ಹಾಗೆ ಮಾತುಕತೆ ನಡೆಸಬೇಕು. ಮಾತುಕತೆ ಮುರಿಯುತ್ತದೆ, ಯುದ್ಧ ಬರುತ್ತದೆ, ಒಳ್ಳೆಯವರು ಕೆಡುತ್ತಾರೆ, ಕೆಟ್ಟವರೆಂದುಕೊಂಡವರು ದೊಡ್ಡವರಾಗುತ್ತಾರೆ. ವಾರಕ್ಕೊಂದು ಬಿಡಿಕತೆ ಹೇಳಿ ಮುಗಿಸುವುದೇ ಆಗ ಅಲ್ಲಿನ ಟೆಲಿವಿಷನ್ನಿನ ವಾಡಿಕೆ. ಸ್ಟ್ರಾಝಿನ್‌ಸ್ಕಿ ಐದು ವರ್ಷ ನಡೆಯುವ ಒಂದೇ ಕಾದಂಬರಿಯನ್ನು, ಅದರ ಮೊದಲು ಕೊನೆ ಎರಡನ್ನೂ ಮುಂಚಿತವಾಗಿ ಯೋಚಿಸಿಕೊಂಡು, ತೆರೆಗೆ ತಂದರು. ಅದರ ಪೀಠಿಕೆಯ ಚಿತ್ರ 1993ರ ಫೆಬ್ರವರಿಯಲ್ಲಿ ಬಂತು. ವಾರದ ಧಾರಾವಾಹಿ 1994ರ ಜನವರಿಯಲ್ಲಿ ಆರಂಭವಾಗಿ 1998ರ ನವೆಂಬರಿನಲ್ಲಿ ಮುಗಿಯಿತು. ಒಟ್ಟು 110 ಕಂತು. ಅವುಗಳಲ್ಲಿ 92 ಕಂತುಗಳನ್ನು ಅವರೊಬ್ಬರೇ ಬರೆದರು. ಮೂರನೆಯ ಮತ್ತು ನಾಲ್ಕನೆಯ ವರ್ಷದ ಕಂತುಗಳಂತೂ ಪೂರಾ ಅವರ ಕೈಬರಹವೇ.

ಇಷ್ಟು ಬರೆಯುವವರಿಗೆ ಉಸಿರಾಡುವುದಕ್ಕೂ ಬಿಡುವಿರಲಾರದು ಎಂದು ನಿಮಗನ್ನಿಸಬಹುದು. ಅದರ ನಡುವೆಯೇ ಅವರು ನೋಡುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಧಾರಾವಾಹಿ ತೆರೆಗೆ ಬರುವ ಮೊದಲೇ, 1991ರಲ್ಲೇ, ದೂರವಾಣಿ ತಂತಿಯ ಮೂಲಕ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರುಗಳಲ್ಲಿ ಅವರು ಜನರೊಂದಿಗೆ ಮಾತಾಡಲು ಶುರುಮಾಡಿದ್ದರು. ಇಂಟರ್‌ನೆಟ್ ಎಂಬ ಮಾತು ನಮ್ಮ ಕಡೆ ಯಾರ ಕಿವಿಗೂ ಬಿದ್ದಿರದ ದಿನಗಳು ಅವು. ನಮ್ಮ ಪೇಟೆಗಳಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದದ್ದೇ ಆ ಸುಮಾರಿಗೆ. ಪ್ರಚಾರ ವಿಭಾಗದ ನೌಕರರ ಕೈಗೆ ಕಾಗದ ಕೊಟ್ಟು ಅವರಿಂದ ಒಂದು ವಂದನೆ ಬರೆಸಿ ಕಳಿಸುವ ಪದ್ಧತಿಯನ್ನು ಅವರು ಇಟ್ಟುಕೊಳ್ಳಲಿಲ್ಲ. ತಾವೇ ಓದಿದರು, ತಾವೇ ಬರೆದರು. ಹಾಗೆ ಬರೆದ ಉತ್ತರಗಳು ಸಾವಿರಾರು. ಮುಂದೆ ಅವನ್ನು ಒಟ್ಟುಮಾಡಿ ಪುಸ್ತಕವಾಗಿಯೂ ಅಚ್ಚು ಹಾಕಿಸಿದರು.

ಜನ ಏನು ಕೇಳುತ್ತಿದ್ದರು? ಮೊದಲನೆಯದಾಗಿ, ಮುಂದೇನಾಗುತ್ತದೆ ಎಂದು. ಅದನ್ನು ಅವರು ಹೇಳುತ್ತಿರಲಿಲ್ಲ. ಕಾದು ನೋಡಿ ಎಂದಷ್ಟೇ ಬರೆಯುತ್ತಿದ್ದರು. ಉಳಿದ ಎಲ್ಲದಕ್ಕೂ ಬಿಚ್ಚುಮನಸ್ಸಿನಿಂದ ಉತ್ತರ: ಹಡಗುಗಳು ಯಾಕೆ ಹೀಗೆ ಚಲಿಸುತ್ತವೆ, ಈ ಮಾತನ್ನು ಈ ಪಾತ್ರದ ಬಾಯಲ್ಲಿ ಯಾಕೆ ಇಟ್ಟಿರಿ, ಈ ದೃಶ್ಯಕ್ಕೆ ಎಷ್ಟು ದಿನ ಹಿಡಿಯಿತು. ಹಡಗಿನ ವಿಷಯವನ್ನು ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಸಿನಿಮಾಗಳಲ್ಲಿ ಅಂತರಿಕ್ಷದ ಯುದ್ಧವಿಮಾನ ನಮ್ಮ ಆಕಾಶದ ವಿಮಾನದ ಹಾಗೆಯೇ ರೆಕ್ಕೆ ಓರೆಮಾಡಿ ತಿರುಗುತ್ತದೆ. ಗಾಳಿಯೇ ಇಲ್ಲದ ಕಡೆ ಹಾಗೆ ತಿರುಗಲು ಸಾಧ್ಯವಿಲ್ಲ. ‘ಬ್ಯಾಬಿಲಾನ್ 5’ರ ಪುಟ್ಟ ಯುದ್ಧನೌಕೆಗಳು ನ್ಯೂಟನ್ನನ ನಿಯಮಕ್ಕೆ ಬದ್ಧ. ಎಂಜಿನ್ ನಿಲ್ಲಿಸಿದರೂ ಅದೇ ದಿಕ್ಕಿನಲ್ಲಿ ಅದೇ ವೇಗದಲ್ಲಿ ಸಾಗುತ್ತವೆ. ಮುಂದಕ್ಕೆ ಸಾಗುತ್ತಿರುವಾಗಲೇ ಮೂತಿಯನ್ನು ಹಿಂದಕ್ಕೆ ತಿರುಗಿಸಿ ಬೆನ್ನಟ್ಟಿದವರ ಮೇಲೆ ಗುಂಡು ಹಾರಿಸುತ್ತವೆ. ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಜಡತ್ವ ಎಂದು ಓದುತ್ತೀರಲ್ಲ, ಅದೇ. ಪ್ರಶ್ನೆ ಕೇಳುವ ಜನ ಎದುರಿಗಿದ್ದಾರೆ ಎಂಬ ಎಚ್ಚರ ಇದ್ದಾಗ ಲೇಖಕರು ಇಂಥ ಕಡೆ ಅಡ್ಡದಾರಿ ಹಿಡಿಯುವುದಿಲ್ಲ ಎಂದು ನಾನು ನಂಬುತ್ತೇನೆ.

ಈ ಮಾತುಕತೆಗೆ ಅವರು ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದರು. ಕೇಳಿ, ಬೈಯಿರಿ, ಹೊಗಳಿ. ಆದರೆ ಹೀಗೊಂದು ಕತೆ ಮಾಡಿ ಎಂದು ಮಾತ್ರ ಬರೆಯಬೇಡಿ. ಕಾರಣವಿತ್ತು. ಧಾರಾವಾಹಿಯ ಆ ಲೋಕದಲ್ಲಿ ಕೊಲೆಗಾರರನ್ನು ಗಲ್ಲಿಗೇರಿಸುವುದಿಲ್ಲ. ಅವರ ನೆನಪನ್ನೆಲ್ಲ ಅಳಿಸಿ, ಹೊಸ ಮನಸ್ಸು ಕೊಟ್ಟು, ಸಮಾಜದ ಸೇವೆಗೆ ಬಿಡುತ್ತಾರೆ. ಹಾಗೆ ಅಳಿಸಿಹೋದ ಮನುಷ್ಯನಿಗೆ ತಾನು ಯಾರಾಗಿದ್ದೆ ಎಂದು ಒಂದು ದಿನ ತಿಳಿದುಬಿಟ್ಟರೆ? ಒಬ್ಬ ನೋಡುಗರು ಇಂಥದ್ದೊಂದು ಊಹೆಯನ್ನು ಎಲ್ಲರೂ ಓದುವ ಜಾಗದಲ್ಲಿ ಬರೆದುಬಿಟ್ಟರು. ಸ್ಟ್ರಾಝಿನ್‌ಸ್ಕಿ ಅದೇ ಎಳೆಯ ಮೇಲೆ ಕತೆ ಮಾಡಬೇಕೆಂದಿದ್ದರು. ಈಗ ಮಾಡಿದರೆ ಕದ್ದರು ಎನ್ನುವ ಮಾತು ಬರುತ್ತದೆ, ಕೋರ್ಟಿಗೂ ಹೋಗಬಹುದು. ಕತೆಯನ್ನು ಪಕ್ಕಕ್ಕಿಟ್ಟರು. ಆ ನೋಡುಗರೇ ಮುಂದೆ ಬಂದು, ತಮ್ಮದೇನೂ ತಕರಾರಿಲ್ಲ ಎಂದು ಕಾನೂನಿನ ಪ್ರಕಾರ ಬರೆದುಕೊಟ್ಟ ಮೇಲೆ ಅದನ್ನು ಮಾಡಿದರು. ಮೂರನೆಯ ವರ್ಷದಲ್ಲಿ ಬಂದ ಆ ಕಂತಿನಲ್ಲಿ ಮೃದುಸ್ವಭಾವದ ಸನ್ಯಾಸಿಯೊಬ್ಬ ತಾನೇ ಹಿಂದೆ ಹಲವರನ್ನು ಕೊಂದವನೆಂದು ಅರಿಯುತ್ತಾನೆ. ಇಡೀ ಧಾರಾವಾಹಿಯಲ್ಲಿ ಮನಸ್ಸನ್ನು ಹಿಂಡುವ ಕಂತುಗಳಲ್ಲಿ ಅದೂ ಒಂದು. ಬರೆದವರಿಗೂ ನೋಡಿದವರಿಗೂ ನಡುವೆ ನಂಬಿಕೆ ಇದ್ದದ್ದರಿಂದ ಅದು ಉಳಿಯಿತು.

ಇನ್ನೊಂದು ಪ್ರಶ್ನೆಗೆ ಅವರು ಪೂರ್ತಿ ಉತ್ತರ ಕೊಡಲು ಸುಮಾರು ಎರಡು ದಶಕ ಹಿಡಿಯಿತು. ಮೊದಲ ವರ್ಷದ ನಾಯಕ, ನಿಲ್ದಾಣದ ಅಧಿಕಾರಿಯ ಪಾತ್ರ ವಹಿಸಿದ್ದ ಮೈಕೆಲ್ ಓಹೇರ್, ಎರಡನೆಯ ವರ್ಷಕ್ಕೆ ಇಲ್ಲ. ಯಾಕೆ? ನಟನೆ ಸಾಲದೆಂದೇ, ಜಗಳವೇ, ಚಾನೆಲ್ಲಿನ ಒತ್ತಾಯವೇ? ವರ್ಷವರ್ಷವೂ ಜನ ಕೇಳಿದರು. ಇಬ್ಬರೂ ಒಪ್ಪಿ ತೆಗೆದುಕೊಂಡ ತೀರ್ಮಾನ ಎನ್ನುವುದರ ಆಚೆಗೆ ಅವರು ಬಾಯಿ ಬಿಡಲಿಲ್ಲ. ಓಹೇರ್ 2012ರಲ್ಲಿ ತೀರಿಕೊಂಡರು. ಮರುವರ್ಷ ಸ್ಟ್ರಾಝಿನ್‌ಸ್ಕಿ ಅಭಿಮಾನಿಗಳ ಒಂದು ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನು ಹೇಳಿದರು. ಮೊದಲ ವರ್ಷದ ಚಿತ್ರೀಕರಣದ ಹೊತ್ತಿಗೇ ಓಹೇರ್ ತೀವ್ರವಾದ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ಕೆಲಸವನ್ನು ನಿಲ್ಲಿಸಿ ಚಿಕಿತ್ಸೆ ಮಾಡಿಸೋಣ ಎಂದು ಲೇಖಕರು ಹೇಳಿದರೆ, ಇಷ್ಟು ಜನರ ಅನ್ನ ಹೋಗುತ್ತದೆ, ಬೇಡ ಎಂದರು ನಟ. ಆ ವರ್ಷ ಮುಗಿಸಿ ಮರ್ಯಾದೆಯಿಂದ ಹೊರಟರು. ಮೂರನೆಯ ವರ್ಷ ಒಮ್ಮೆ ಬಂದು ತಮ್ಮ ಪಾತ್ರದ ಕತೆಯನ್ನು ಪೂರ್ಣ ಮಾಡಿದರು. ಈ ಗುಟ್ಟನ್ನು ನಾನು ಸಾಯುವ ತನಕ ಇಟ್ಟುಕೊಳ್ಳುತ್ತೇನೆ ಎಂದು ಲೇಖಕರು ಮಾತು ಕೊಟ್ಟಾಗ, ನಾನು ಸಾಯುವ ತನಕ ಇಟ್ಟುಕೊಂಡರೆ ಸಾಕು, ಆಮೇಲೆ ಜನಕ್ಕೆ ಹೇಳಿ, ಬೇರೆಯವರಿಗೆ ಉಪಯೋಗವಾದೀತು ಎಂದರಂತೆ ಓಹೇರ್. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮನುಷ್ಯನೊಬ್ಬ ಈ ಒಂದು ಉತ್ತರವನ್ನು ಇಷ್ಟು ವರ್ಷ ತಡೆದು, ಜನರಿಂದ ಆರೋಪವನ್ನೂ ಕೇಳಿಸಿಕೊಂಡು, ಗೆಳೆಯನ ಮಾನ ಕಾಯ್ದರು. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಮತ್ತೊಂದು ಪ್ರಶ್ನೆಯನ್ನೂ ಅವರಿಗೆ ಮತ್ತೆ ಮತ್ತೆ ಕೇಳುತ್ತಿದ್ದರು. ನೀವು ದೇವರನ್ನು ನಂಬುವವರಲ್ಲ ಎಂದು ನೀವೇ ಹೇಳುತ್ತೀರಿ, ನಿಮ್ಮ ಕತೆಯಲ್ಲಿ ಮಾತ್ರ ಸನ್ಯಾಸಿಗಳು, ಪೂಜೆ, ಪ್ರಾರ್ಥನೆ ತುಂಬಿವೆ, ಅದೂ ಗೌರವದಿಂದ, ಇದು ಹೇಗೆ? ತನ್ನ ನಂಬಿಕೆ ಏನೇ ಇರಲಿ, ಪಾತ್ರಗಳ ನಂಬಿಕೆಗೆ ನಿಷ್ಠನಾಗಿರುವುದು ಲೇಖಕನ ಕೆಲಸ ಎಂಬುದು ಅವರ ಉತ್ತರದ ಸಾರ. ಮೊದಲ ವರ್ಷದ ಒಂದು ಕಂತಿನಲ್ಲಿ ಪ್ರತಿಯೊಂದು ಲೋಕದವರೂ ತಮ್ಮ ತಮ್ಮ ಮುಖ್ಯ ಧರ್ಮದ ಆಚರಣೆಯನ್ನು ತೋರಿಸಬೇಕಾಗುತ್ತದೆ. ಭೂಮಿಯ ಸರದಿ ಬಂದಾಗ ಅಧಿಕಾರಿ ಏನು ಮಾಡುತ್ತಾನೆ ಗೊತ್ತೇ? ಒಂದು ಸಾಲಿನಲ್ಲಿ ಜನರನ್ನು ನಿಲ್ಲಿಸಿರುತ್ತಾನೆ. ಮೊದಲಿಗೆ ನಿಂತವನು ನಾಸ್ತಿಕ. ಅವನ ಪಕ್ಕದಲ್ಲಿ ಬೇರೆ ಬೇರೆ ಮತದವರು, ಒಬ್ಬರಾದ ಮೇಲೆ ಒಬ್ಬರು, ಸಾಲು ಮುಗಿಯುವುದೇ ಇಲ್ಲ.

ಇಲ್ಲಿಗೆ ಬಂದಾಗ ಶಿಕಾರಿಪುರ ತಾಲ್ಲೂಕಿನವರಿಗೆ ಬಳ್ಳಿಗಾವಿಯ ನೆನಪಾಗದೆ ಇರದು. ಒಂಬೈನೂರು ವರ್ಷದ ಹಿಂದೆ ಆ ಊರಿನಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಟ್ಟಿಗೆ ಇದ್ದವು; ಅಲ್ಲಿನ ಶಾಸನಗಳು ಆ ಮಠಗಳನ್ನು ಹೆಮ್ಮೆಯಿಂದ ಹೆಸರಿಸುತ್ತವೆ. ಕೇದಾರೇಶ್ವರ ದೇವಾಲಯದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನಗಳು, ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು; ದೀನರಿಗೆ ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಎಂದು ಅದು ಹೇಳುತ್ತದೆ. ಇಷ್ಟು ಬೇರೆ ಬೇರೆ ಮತಗಳವರು ಒಂದೇ ಪೇಟೆಯಲ್ಲಿ ಓಡಾಡುವಾಗ ಪ್ರಶ್ನೆ ಕೇಳದೆ, ಉತ್ತರ ಹೇಳದೆ ದಿನ ಕಳೆಯುವುದು ಸಾಧ್ಯವೇ ಇರಲಿಲ್ಲ.

ಆ ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ಪ್ರಭುದೇವರಾಗಿ ಕೂತರು. ಇಲ್ಲೇ ಪಕ್ಕದ ಉಡುತಡಿಯ ಅಕ್ಕಮಹಾದೇವಿ ಅಲ್ಲಿಗೆ ಬಂದು ನಿಂತಾಗ ಅಲ್ಲಮರು ಕೇಳಿದ ಪ್ರಶ್ನೆಗಳನ್ನು ‘ಶೂನ್ಯಸಂಪಾದನೆ’ ವಿಸ್ತಾರವಾಗಿ ಹೇಳುತ್ತದೆ. ನಿನ್ನ ಗಂಡ ಯಾರು, ಎಲ್ಲವನ್ನೂ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದು ಏಕೆ, ಇಷ್ಟು ಮೊನಚಾದ ಪ್ರಶ್ನೆಗಳು. ಅಕ್ಕ ಒಂದಕ್ಕೂ ಹಿಂಜರಿಯಲಿಲ್ಲ. ತುಂಬಿದ ಸಭೆಯಲ್ಲಿ ಒಂದೊಂದಕ್ಕೂ ಉತ್ತರ ಹೇಳಿದಳು, ಸಭೆ ಅವಳಿಗೆ ತಲೆಬಾಗಿತು. ಕೇಳಿದವರೂ ಹೇಳಿದವರೂ ಇಬ್ಬರೂ ಇದೇ ತಾಲ್ಲೂಕಿನ ಮಣ್ಣಿನವರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಈ ಸಂವಾದವನ್ನು ಪೋಣಿಸಿದ ಮೇಲೆ ಮತ್ತೆ ಮೂವರು ಅದನ್ನು ತಿದ್ದಿ ಬೆಳೆಸಿದರು. ಪ್ರಶ್ನೋತ್ತರವನ್ನೇ ಒಂದು ಮಹಾಗ್ರಂಥದ ದೇಹವಾಗಿ ಮಾಡಿಕೊಂಡ ಭಾಷೆ ನಮ್ಮದು. ಕತೆಗಾರರಿಗೆ ಪ್ರಶ್ನೆ ಹಾಕುವುದು ಉದ್ಧಟತನ ಎಂಬ ಅಂಜಿಕೆ ಇಲ್ಲಿಯವರಿಗೆ ಇರಬಾರದು.

ನಮ್ಮ ಕಾಲದಲ್ಲೂ ಉತ್ತರ ಕೊಟ್ಟವರಿದ್ದಾರೆ. ‘ಸುಧಾ’ದಲ್ಲಿ ಬೀಚಿಯವರು ಓದುಗರಿಗೆ ಕೊಡುತ್ತಿದ್ದ ಉತ್ತರಗಳಿಗಾಗಿ ಜನ ವಾರವಿಡೀ ಕಾಯುತ್ತಿದ್ದರು. ಟಿ.ಎನ್. ಸೀತಾರಾಮ್ ಅವರು ‘ಮುಕ್ತ ಮುಕ್ತ’ ಧಾರಾವಾಹಿಯ ಕಾಲದಲ್ಲಿ ಬೇರೆ ಬೇರೆ ಊರುಗಳಿಗೆ ಹೋಗಿ ನೋಡುಗರ ಎದುರು ಕೂತು ಸಂವಾದ ನಡೆಸಿದರು; ಕನ್ನಡದ ಕಿರುತೆರೆಯಲ್ಲಿ ಅದು ದೊಡ್ಡ ಕೆಲಸ ಎಂದೇ ನನ್ನ ಎಣಿಕೆ. ವಿಜ್ಞಾನದ ಮಾತಿಗೆ ಬಂದರೆ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ಇತ್ತು. 1990ರ ದಶಕದ ಆರಂಭದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಆ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವರು ನಮ್ಮ ಗಿರೀಶ ಕಾರ್ನಾಡರು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿ, ಇದೇ ಜಿಲ್ಲೆಯ ಆಗುಂಬೆಯ ಬೀದಿಗಳ ಜೊತೆ, ಅವರ ಮುಖವನ್ನು ಆಗಲೇ ಎಲ್ಲರೂ ಬಲ್ಲರು. ‘ತುಘಲಕ್’ ಬರೆದ ನಾಟಕಕಾರರು ವಿಜ್ಞಾನವನ್ನು ಪರಿಚಯಿಸಲು ಒಪ್ಪಿದ್ದೇ ಒಂದು ಮಾದರಿ. ಅಡಿಕೆ ದಬ್ಬೆಯ ತುದಿಗೆ ಆಂಟೆನಾ ಕಟ್ಟಿ, ಒಬ್ಬರು ಹೊರಗೆ ನಿಂತು ತಿರುಗಿಸುತ್ತ, ಒಳಗಿನವರು ‘ಬಂತು, ಬಂತು’ ಎಂದು ಕೂಗುತ್ತ ನೋಡುತ್ತಿದ್ದ ಕಾಲ ಅದು. ಆ ಕಾರ್ಯಕ್ರಮದಲ್ಲಿ ನೋಡುಗರು ಬರೆದು ಕಳಿಸಿದ ಪ್ರಶ್ನೆಗಳಿಗೆ ಪ್ರೊಫೆಸರ್ ಯಶಪಾಲ್ ಉತ್ತರ ಹೇಳುತ್ತಿದ್ದರು. ಹೆಗಲ ಹತ್ತಿರದ ತನಕ ಇಳಿದ ಬಿಳಿಕೂದಲು, ಮುಖದಲ್ಲಿ ಮಗುವಿನ ಉತ್ಸಾಹ.

ಯಶಪಾಲರು ಬರಿಯ ನಿರೂಪಕರಲ್ಲ. ವಿಶ್ವಕಿರಣಗಳ ವಿಜ್ಞಾನಿ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಮೊದಲ ನಿರ್ದೇಶಕರು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸಿದ ಪ್ರಯೋಗ ಅವರ ನೇತೃತ್ವದಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಷ್ಟು ದೊಡ್ಡವರು ಹಳ್ಳಿಯ ಮಗು ಕಳಿಸಿದ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಉತ್ತರ ಹೇಳಬೇಕಾದರೆ ಆ ಮಗುವಿನ ಪ್ರಶ್ನೆಗೆ ಎಷ್ಟು ಬೆಲೆ ಕೊಟ್ಟಿರಬೇಕು. ಮಕ್ಕಳ ಶಾಲಾ ಹೊರೆಯ ಬಗ್ಗೆ 1993ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಇವರೇ. ಮಗು ಕೇಳುವ ಪ್ರಶ್ನೆಯಿಂದ ಪಾಠ ಹುಟ್ಟಬೇಕು ಎನ್ನುವುದನ್ನು ಅವರು ಕೊನೆಯ ತನಕ ಬಿಡಲಿಲ್ಲ.

ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರ ರೀತಿ ಇನ್ನೂ ಚೆಂದ. ಖಗೋಳ ವಿಜ್ಞಾನಿ, ಮರಾಠಿಯ ವೈಜ್ಞಾನಿಕ ಕಥೆಗಳ ದೊಡ್ಡ ಲೇಖಕ, ಟೆಲಿವಿಷನ್ನಿಗಾಗಿ ‘ಬ್ರಹ್ಮಾಂಡ’ ಎಂಬ ಸರಣಿಯನ್ನೂ ಮಾಡಿದವರು. ತಮ್ಮ ಮೊದಲ ಕತೆಯನ್ನು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಳಿಸಿದ್ದರು, ಹೆಸರು ನೋಡಿ ಯಾರೂ ಬಹುಮಾನ ಕೊಡಬಾರದೆಂದು. ಬಹುಮಾನ ಬಂತು. ಮಕ್ಕಳು ಹಸ್ತಾಕ್ಷರಕ್ಕೆ ಮುತ್ತಿಕೊಂಡರೆ ಅವರು ಒಂದು ಷರತ್ತು ಹಾಕುತ್ತಿದ್ದರು: ಪೋಸ್ಟ್ ಕಾರ್ಡಿನಲ್ಲಿ ವಿಜ್ಞಾನದ ಒಂದು ಪ್ರಶ್ನೆ ಬರೆದು ಕಳಿಸಿ, ಉತ್ತರ ಬರೆದು ಕೆಳಗೆ ಸಹಿ ಹಾಕಿ ಕಳಿಸುತ್ತೇನೆ. ಮಾತಿನಂತೆ ಬರೆದು ಕಳಿಸುತ್ತಿದ್ದರು. ಅವರು 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡರು. ಆ ಕಾರ್ಡುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಎಷ್ಟೋ ಜನ.

ಇವೆಲ್ಲ ಸರಿ, ಶಿಕಾರಿಪುರ ಸೊರಬದವರಿಗೆ ವೈಜ್ಞಾನಿಕ ಕತೆಯ ಹಂಬಲ ಯಾಕೆ ಎಂದು ಕೇಳುವವರಿರಬಹುದು. ಅವರನ್ನು ನಾನು ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಕರೆಯುತ್ತೇನೆ.

1957ರಲ್ಲಿ ಆ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದ ಜನಕ್ಕೂ ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ, ಸಾವೂ ಆದವು. ಮಂಗ ಸಾಯುತ್ತದೆ, ಹಿಂದೆಯೇ ಮನುಷ್ಯ ಸಾಯುತ್ತಾನೆ ಎಂದರೆ ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂಬ ಭಯ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಸತ್ತ ಮಂಗದಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ. ಅದುವರೆಗೆ ಲೋಕಕ್ಕೇ ಗೊತ್ತಿರದ ಹೊಸದು. ಹರಡುವುದು ಕಾಡಿನ ಉಣುಗುಗಳಿಂದ. ಹತ್ತಿರದ ಸಂಬಂಧಿಯನ್ನು ಹುಡುಕಿದರೆ ಸಿಕ್ಕಿದ್ದು ರಷ್ಯಾದ ಕಾಡುಗಳ ಒಂದು ವೈರಸ್! ಅಷ್ಟು ದೂರದ್ದು ಇಲ್ಲಿಗೆ ಹೇಗೆ ಬಂತು? ಚಳಿಗಾಲಕ್ಕೆ ಉತ್ತರದಿಂದ ಹಾರಿಬರುವ ಹಕ್ಕಿಗಳ ಮೈಗೆ ಅಂಟಿಕೊಂಡ ಉಣುಗುಗಳು ತಂದಿರಬಹುದೇ? ಈ ಅನುಮಾನದ ಬೆನ್ನು ಹತ್ತಿಯೇ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟು, ಸಲೀಂ ಅಲಿಯವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನ ನಡೆಸಿದರು. ಹಕ್ಕಿಗಳೇ ತಂದವು ಎಂಬುದು ಸಾಬೀತಾಗಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ದೇಶ ತಿಳಿದುಕೊಂಡದ್ದರ ಹಿಂದೆ ಸೊರಬದ ಒಂದು ಹಳ್ಳಿಯ ಸಂಕಟ ಇದೆ. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ನಮಗೆ ಅದು ಮಂಗನ ಕಾಯಿಲೆ.

ಇದಕ್ಕಿಂತ ದೊಡ್ಡ ವೈಜ್ಞಾನಿಕ ಕಥಾವಸ್ತು ಯಾವ ಲೇಖಕರಿಗೆ ಬೇಕು? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕತೆಗೆ ದಾರಿ ಮಾಡಿಕೊಟ್ಟಿದ್ದಾರೆ. ಕಿರುತೆರೆ ಮಾತ್ರ ಆ ದಾರಿಯಲ್ಲಿ ಹೆಚ್ಚು ನಡೆದಿಲ್ಲ. ನಾಳೆ ಯಾರೋ ಧೈರ್ಯ ಮಾಡಿ, ಐವತ್ತು ವರ್ಷ ಮುಂದಿನ ಸೊರಬವನ್ನು, ಅಲ್ಲಿ ಮತ್ತೆ ಎದ್ದ ಒಂದು ಕಾಡಿನ ಜ್ವರವನ್ನು ಧಾರಾವಾಹಿ ಮಾಡಿದರು ಎನ್ನಿ. ಮೊದಲ ಕಂತು ಬಂದ ರಾತ್ರಿಯೇ ಇಲ್ಲಿಯ ಜನಕ್ಕೆ ಕೇಳಲು ಬೇಕಾದಷ್ಟು ಇರುತ್ತದೆ. ದರಗು ಗುಡಿಸಲು ಹೋಗುವ ಹೆಂಗಸು ಉಣುಗು ಕಚ್ಚದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಯಾಕೆ ಹೋದಳು? ಕಾಯಿಲೆ ಏಳುವುದು ಮಳೆಗಾಲ ಕಳೆದು ಕಾಡು ಒಣಗುವ ಹೊತ್ತಿಗೆ; ನೀವು ಜಡಿಮಳೆಯಲ್ಲಿ ತೋರಿಸಿದ್ದೀರಲ್ಲ? ಕೊಟ್ಟಿಗೆಯ ದನ ಕಾಡು ಮೇಯ್ದು ಬಂದ ಮೇಲೆ ಉಣುಗು ಮನೆಯಂಗಳಕ್ಕೇ ಬರುತ್ತದಲ್ಲ, ಅದೆಲ್ಲಿ? ಗುಡವಿಯ ಕೆರೆಗೆ ಹಕ್ಕಿ ಬರುವ ತಿಂಗಳು ಗೊತ್ತೇ ನಿಮಗೆ? ಇವು ಪುಸ್ತಕದಲ್ಲಿ ಸಿಗುವುದಕ್ಕಿಂತ ಸೊರಬದ ಅಜ್ಜಿಯ ಬಾಯಲ್ಲಿ ಬೇಗ ಸಿಗುವ ಮಾತುಗಳು. ಲೇಖಕರು ಆ ಅಜ್ಜಿಗೆ ಉತ್ತರ ಹೇಳುವ ಹೊಣೆ ಹೊತ್ತರೆ, ಎರಡನೆಯ ಕಂತು ಮೊದಲನೆಯದಕ್ಕಿಂತ ನಿಜವಾಗಿರುತ್ತದೆ.

ಅಮೆರಿಕದ ಆ ಲೇಖಕರಿಂದ ನಮ್ಮವರು ಕಲಿಯಬೇಕಾದದ್ದು ಇದು. ಅವರು ಜನ ಹೇಳಿದಂತೆ ಕತೆ ತಿರುಗಿಸಲಿಲ್ಲ. ಕತೆ ಅವರದೇ, ಕೊನೆ ಅವರು ಮೊದಲೇ ಕಂಡದ್ದೇ. ಆದರೆ ಮಾಡಿದ್ದಕ್ಕೆ ಕಾರಣ ಹೇಳಲು ಸದಾ ಸಿದ್ಧರಿದ್ದರು. ನಮ್ಮಲ್ಲಿ ವೀಕ್ಷಕರ ಸಂಖ್ಯೆಯ ಅಂಕಿ ವಾರವಾರವೂ ಚಾನೆಲ್ಲಿನ ಮೇಜಿಗೆ ಬರುತ್ತದೆ. ಅಂಕಿ ಕುಸಿದರೆ ಸತ್ತ ಪಾತ್ರ ಎದ್ದು ಬರುತ್ತದೆ. ಆ ಅಂಕಿಯೊಳಗೆ ಎಷ್ಟು ಮಂದಿ ನೋಡಿದರು ಎಂಬುದಿದೆ. ಯಾಕೆ ನೋಡಿದರು, ಏನು ಕೇಳಬೇಕೆಂದಿದ್ದರು ಎಂಬುದಿಲ್ಲ. ಹೀಗೆ ಅಂಕಿಗೆ ಹೆದರುವುದಕ್ಕಿಂತ ಮನುಷ್ಯರಿಗೆ ಉತ್ತರ ಹೇಳುವುದು ಕತೆಗೆ ಸಾವಿರ ಪಾಲು ಒಳ್ಳೆಯದು. ಕನ್ನಡದ ಧಾರಾವಾಹಿ ಬರೆಯುವವರಿಗೆ ನನ್ನದೊಂದು ಬಿನ್ನಹ: ವರ್ಷಕ್ಕೊಮ್ಮೆಯಾದರೂ ತಾಲ್ಲೂಕು ಕೇಂದ್ರಗಳಿಗೆ ಬನ್ನಿ. ಹಾರ ತುರಾಯಿ ಬೇಡ, ಹಾಡು ಕುಣಿತ ಬೇಡ. ನಟರನ್ನು ಕರೆತರಲೇಬೇಕೆಂದೂ ಇಲ್ಲ, ಬರೆದವರು ಬಂದರೆ ಸಾಕು. ಒಂದು ಕುರ್ಚಿ, ಒಂದು ಮೈಕು, ಎರಡು ಗಂಟೆ ಹೊತ್ತು ನಮ್ಮ ಪ್ರಶ್ನೆಗೆ ಮೀಸಲಿಡಿ.

ಕೇಳುಗರಿಗೂ ಒಂದು ಮಾತು. ಬೈಗುಳವನ್ನು ಮೊಬೈಲಿನಲ್ಲಿ ಎರಡು ಸಾಲು ಕುಟ್ಟಿ ಕಳಿಸುವುದು ಸುಲಭ; ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಪೂರ್ತಿ ನೋಡಿ, ಯೋಚಿಸಿ, ಗೌರವದಿಂದ ಕೇಳಿದ ಪ್ರಶ್ನೆಗೆ ತೂಕವಿದೆ. ಶಿರಾಳಕೊಪ್ಪದಲ್ಲಿ, ಆನವಟ್ಟಿಯಲ್ಲಿ, ಉಳವಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಟೀಚರುಗಳು ದಯವಿಟ್ಟು ತಿಂಗಳಿಗೊಂದು ಶನಿವಾರ ಮಕ್ಕಳಿಂದ ಒಂದೊಂದು ಕಾರ್ಡು ಬರೆಸಿ. ತಾವು ನೋಡಿದ ಕತೆಯ ಬಗ್ಗೆ, ಓದಿದ ಪುಸ್ತಕದ ಬಗ್ಗೆ, ಆಕಾಶದ ಬಗ್ಗೆ, ಕಾಡಿನ ಬಗ್ಗೆ, ಯಾವುದರ ಬಗ್ಗೆಯಾದರೂ ಸರಿ. ಚಾನೆಲ್ಲಿಗೆ ಕಳಿಸಿ, ಲೇಖಕರ ವಿಳಾಸ ಸಿಕ್ಕರೆ ಅವರಿಗೇ ಕಳಿಸಿ, ಭದ್ರಾವತಿ ಆಕಾಶವಾಣಿಗೂ ಕಳಿಸಿ. ಪ್ರಶ್ನೆಯ ಕೆಳಗೆ ನಿಮ್ಮ ಹೆಸರಿನ ಜೊತೆ ಊರಿನ ಹೆಸರನ್ನೂ, ತಾಲ್ಲೂಕಿನ ಹೆಸರನ್ನೂ ಬಿಡಿಸಿ ಬರೆಯಿರಿ. ಕೇಳಿದವರು ಎಲ್ಲಿಯವರು ಎಂದು ಉತ್ತರ ಹೇಳುವವರಿಗೆ ತಿಳಿಯಬೇಕು.